ಶಾಲು ಹೊದಿಸಿ ಕಳಿಸಿದ ಮೇಲೆ

ಪಕ್ಕದ ಮನೆಯವರು ಮೊನ್ನೆ ಗೊನೆ ಕಡಿದ ಬಾಳೆಗಿಡವನ್ನು ಉರುಳಿಸಿದರು. ದಿಂಡಿನ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಎದ್ದು ಕಿಟಕಿಯನ್ನು ಧಡಾರನೆ ಮುಚ್ಚಿದೆ. "ಏನಾಯ್ತೇ?" ಎಂದರು ನಮ್ಮ ಮನೆಯವರು. ಏನೂ ಇಲ್ಲ ಎಂದೆ. ಇಷ್ಟು ವರ್ಷವಾದರೂ ಆರದ ಸಿಟ್ಟನ್ನು ಹೇಗೆ ಹೇಳುವುದು...

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಆಗ ಒಬ್ಬರ ಶೆಡ್ಡಿತ್ತು. ಬಾಳೆದಿಂಡಿನಿಂದ ನಾರು ತೆಗೆದು ಒಣಗಿಸಿ, ಚಾಪೆ, ಬುಟ್ಟಿ ಹೆಣೆಸುತ್ತಿದ್ದರು. ಸುತ್ತಲ ಹಳ್ಳಿಗಳ ಇಪ್ಪತ್ತು ಮೂವತ್ತು ಹೆಂಗಸರಿಗೆ ಅಲ್ಲೇ ಕೆಲಸ. ಮಾಲೆಲ್ಲ ಹೋಗುತ್ತಿದ್ದುದು ಹೊರದೇಶದ ಒಂದೇ ಕಂಪನಿಗೆ. ನಾವೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದೆವು. ಹಣೆತುಂಬ ವಿಭೂತಿ, ಬಿಳಿ ಅಂಗಿಯ ಮೇಲೆ ಎಷ್ಟು ಒಗೆದರೂ ಹೋಗದ ಬಾಳೆಕರೆ. ಅವರಿಗೆ ಇಂಗ್ಲಿಷ್ ಬಾರದು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಹಾಗಾಗಿ ಕಂಪನಿಯ ಪತ್ರ ಓದಿ ಹೇಳುವುದು, ಉತ್ತರ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಮೊದಲ ಒಪ್ಪಂದದಲ್ಲಿ ಒಂದು ಷರತ್ತಿತ್ತು. ವ್ಯವಹಾರ ಬಿಡುವುದಾದರೆ ಕಂಪನಿ ಒಂದು ವರ್ಷ ಮುಂಚೆ ತಿಳಿಸಬೇಕು, ಆ ವರ್ಷವಿಡೀ ಮಾಲು ಕೊಳ್ಳಬೇಕು. ಅದನ್ನು ಓದಿ ಹೇಳಿದಾಗ ಯಜಮಾನರ ಮುಖ ಅರಳಿತ್ತು. "ಅಷ್ಟ್ ಸಾಕು ಬುಡಿ ಟೀಚರಮ್ಮ. ಒಂದ್ ವರ್ಸ ಸಿಕ್ರೆ ಈ ಎಣ್ಮಕ್ಳಿಗೆ ಬ್ಯಾರೆ ದಾರಿ ಮಾಡ್ಬೋದು," ಎಂದಿದ್ದರು.

ಎಂಟು ಒಂಬತ್ತು ವರ್ಷ ಕಳೆದ ಮೇಲೆ ಕಂಪನಿಯವನೊಬ್ಬ ಬಂದ. ಜೊತೆಗೆ ಬೆಂಗಳೂರಿನ ವಕೀಲ. ಧನ್ಯವಾದ ಹೇಳಿ ಹೋಗಲು ಬರುತ್ತೇವೆ ಎಂದು ಮೊದಲೇ ಬರೆದಿದ್ದರು. ಯಜಮಾನರ ಸಡಗರ ಕೇಳಬೇಕೆ! ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ತರಿಸಿದರು. ಬಂದವನಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಬಾಯ್ತುಂಬ ನಗುತ್ತ ಕೈಮುಗಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ವಕೀಲ ಒಂದರ ಮೇಲೊಂದು ಫೋಟೋ ತೆಗೆದ. ಆಮೇಲೆ ನಮ್ಮಿಬ್ಬರನ್ನು ಆಫೀಸು ಕೋಣೆಗೆ ಕರೆದು ನಾಲ್ಕು ಪುಟದ ಕಾಗದ ಮುಂದಿಟ್ಟ.

ಮೊದಲ ಪುಟದ ತುಂಬ ಹೊಗಳಿಕೆ. ಎರಡನೆಯದಕ್ಕೆ ಬರುವಷ್ಟರಲ್ಲಿ ವಕೀಲ ವಾಚು ನೋಡಿಕೊಂಡ. "ಅರ್ಥವಾಗ್ತಿಲ್ವಾ ಮೇಡಂ?" ಎಂದು ನಕ್ಕ. ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳಿಗೆ ಕೆನ್ನೆಗೆ ಹೊಡೆದಂತಾಯಿತು. ಉಳಿದ ಪುಟಗಳನ್ನು ಓದಿದವಳಂತೆ ತಿರುವಿ ಹಾಕಿದೆ. "ಎಲ್ಲ ಒಳ್ಳೇದೇ ಬರ್ದಿದ್ದಾರೆ. ಸೈನ್ ಮಾಡಿ ಯಜಮಾನ್ರೇ," ಎಂದೆ. ಅವರು ಕನ್ನಡದಲ್ಲಿ ನಿಧಾನವಾಗಿ ಹೆಸರು ಬರೆದರು.

ಇಬ್ಬರೂ ಸಂತೋಷದಿಂದ ಒಪ್ಪಿ, ಒಂದು ವರ್ಷದ ಷರತ್ತು ಬಿಟ್ಟು, ಇಂದಿನಿಂದಲೇ ವ್ಯವಹಾರ ಮುಗಿಸಿದ್ದೇವೆ, ಯಾರದೂ ಯಾರ ಮೇಲೂ ತಕರಾರಿಲ್ಲ ಎಂದು ಮೂರನೇ ಪುಟದಲ್ಲಿತ್ತು. ಆರ್ಡರು ನಿಂತು, ನಾನು ಕಾರಣ ಕೇಳಿ ಬರೆದಾಗ, ಆ ಕಾಗದದ ಜೊತೆ ಶಾಲಿನ ಫೋಟೋವನ್ನೂ ಕಳಿಸಿದರು. ಮೈಸೂರಿನ ವಕೀಲರೊಬ್ಬರಿಗೆ ತೋರಿಸಿದೆವು. "ನೀವೇ ನಗ್ತಾ ಶಾಲು ಹೊದಿಸಿ ಕಳಿಸಿದ್ದೀರಲ್ರೀ. ಮೋಸ ಅಂತ ಹೇಗೆ ಹೇಳೋದು?" ಎಂದರು. ಬಂದವರನ್ನು ಬರಿಗೈಲಿ ಕಳಿಸಲಾರದ ಮನುಷ್ಯನ ಮರ್ಯಾದೆಯನ್ನೇ ಅವನ ವಿರುದ್ಧ ಸಾಕ್ಷಿ ಮಾಡಿಕೊಂಡಿದ್ದರು, ಲಫಂಗರು! ಕಾನೂನಿನ ಪ್ರಕಾರ ಅವರದೇನೂ ತಪ್ಪಿಲ್ಲವಂತೆ. ಥೂ!

ಬಸ್ಸಿನಲ್ಲಿ ವಾಪಸು ಬಂದೆವು. ಇಳಿಯುವಾಗ ಯಜಮಾನರು, "ನೀವು ಮನ್ಸಿಗ್ ಅಚ್ಕೋಬ್ಯಾಡಿ ಟೀಚರಮ್ಮ," ಎಂದರು, ಅಷ್ಟೇ. ಶೆಡ್ಡಿಗೆ ಬೀಗ ಬಿತ್ತು. ನಾನು ಆ ರಸ್ತೆಗೆ ಹೋಗುವುದನ್ನೇ ಬಿಟ್ಟೆ. ಹೋದ ವರ್ಷ ಅವರು ತೀರಿಕೊಂಡರಂತೆ... ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನವಾದ ಮೇಲೆ.

ಈಚೆಗೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ, ಶೆಡ್ಡಿನಲ್ಲಿ ಚಾಪೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ಸಿಕ್ಕಿದಳು. ನನ್ನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಆ ಯಪ್ಪನ ದೆಸೆಯಿಂದ ನಾವ್ ಬೀದಿಗ್ ಬಿದ್ದೋ. ಸೈನ್ ಆಕ್ಬ್ಯಾಡಿ ಅಂತ ನೀವ್ ಬಡ್ಕೊಂಡ್ರೂ ಕೇಳ್ನಿಲ್ವಂತೆ. ಮನೆಮನೆಗೂ ಬಂದು ಯಜಮಾನ್ರೇ ಏಳುದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಒಂದು ಮಾತು ಕೇಳದೆ ಇಂಥ ಸುಳ್ಳು ಹೇಳಲು ಆ ಮನುಷ್ಯನಿಗೆ ಯಾರು ಹೇಳಿದ್ದರು? ಈಗ ಜಗಳವಾಡೋಣವೆಂದರೆ ಅವರೆಲ್ಲಿದ್ದಾರೆ...

"ಇಲ್ಲ ಕಣವ್ವ. ನಾನು ಪೂರ್ತಿ ಓದ್ಲೇ ಇಲ್ಲ. ಸೈನ್ ಮಾಡಿ ಅಂದವಳು ನಾನೇ," ಎಂದೆ.

ಅವಳು ನನ್ನ ಕೈ ಬಿಟ್ಟಳು.

"ಅವ್ರು ಸತ್ತಾಗ ಮಣ್ಣಿಗೆ ನಮ್ಮಲ್ಲಿ ಒಬ್ರೂ ಓಗ್ನಿಲ್ಲ ಟೀಚರಮ್ಮ," ಎಂದಳು.