ಇಳಿಯದ ನೊರೆ

ಮೊಮ್ಮಗಳ ಮೂತ್ರದಲ್ಲಿ ಪ್ರೋಟೀನು ಸೋರುವುದು ನಿಂತಿದೆ. ಇವತ್ತಿಗೆ ಮೂರನೆಯ ಬೆಳಿಗ್ಗೆ, ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ಹಸಿರಾಗದೆ ಹಳದಿಯಾಗಿಯೇ ಉಳಿಯಿತು. ಮದ್ದು ಹಿಡಿದಿದೆ, ಇನ್ನು ಮನೆಯವರ ಊಟವೇ ಅವಳಿಗೂ ಆಗಬಹುದು ಎಂದು ಕಲ್ಯಾಣದ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಷ್ಟುದ್ದ ಬರೆದವನೇ ಅಲ್ಲ. ಆದರೆ ಬೆಳಿಗ್ಗೆಯಿಂದ ಕಂಡಕಂಡವರಿಗೆಲ್ಲ ಹೇಳಿದರೂ ಸಾಲದೆ ಕಾಗದ ಹಿಡಿದು ಕುಳಿತಿದ್ದೇನೆ.

ಠಾಣೆ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರ ಕಾಫಿ ಕೌಂಟರಿನಲ್ಲಿ ನಲವತ್ತು ವರ್ಷ ನಿಂತವನು ನಾನು. ಈಗ ಡೊಂಬಿವಲಿಯಲ್ಲಿ ಮಗನ ಜೊತೆ ಇದ್ದೇವೆ. ಮಗ ರಬಾಳೆಯ ಕಾರ್ಖಾನೆಗೆ, ಸೊಸೆ ಆಫೀಸಿಗೆ ಹೊರಟರೆ ಆರು ವರ್ಷದ ಮೊಮ್ಮಗಳು ಅಜ್ಜ ಅಜ್ಜಿಯ ಪಾಲು. ಹುಟ್ಟಿದಾಗಿನಿಂದ ಅವಳು ಕಡ್ಡಿಯ ಹಾಗೆ. ಊರಿಗೆಲ್ಲ ಬಡಿಸುವವರು ಇವಳಿಗೊಬ್ಬಳಿಗೆ ಬಡಿಸುವುದಿಲ್ಲವಾ ಎಂದು ಮದುವೆಮನೆಗಳಲ್ಲಿ ನಮ್ಮ ಜನ ಚುಚ್ಚುತ್ತಿದ್ದರು. ಹೋಟೆಲಿನವರಿಗೆ ಇದಕ್ಕಿಂತ ನಾಚಿಕೆ ಬೇರೆ ಬೇಕೇ? ಹಾಗಾಗಿ ಮಳೆಗಾಲ ಮುಗಿಯುವಾಗ ಅವಳ ಕೆನ್ನೆ ಉಬ್ಬಿದ್ದು ಕಂಡು ನಾವು ಹಿಗ್ಗಿದೆವು. ಹೆಂಡತಿ ಉಪ್ಪು, ಮೆಣಸು ನಿವಾಳಿಸಿ ದೃಷ್ಟಿ ತೆಗೆದಳು. ನಾನು ಒಂದು ಅಳತೆ ದೊಡ್ಡ ಚಪ್ಪಲಿ ತಂದೆ. ಹೀಗೇ ಉಣ್ಣಲಿ ಎಂದು ದಿನಾ ಹಪ್ಪಳ, ಉಪ್ಪಿನಕಾಯಿ ಹಾಕಿದೆ.

ಒಂದು ಮಾತ್ರ ತಿಳಿಯುತ್ತಿರಲಿಲ್ಲ. ಮೈ ಬಂದ ಮಗು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಇರುತ್ತದೆಯೇ? ಎದ್ದಾಗ ಕಣ್ಣು ತೆರೆಯಲಾರದಷ್ಟು ಮುಖ ಊದಿರುತ್ತಿತ್ತು. ಸಂಜೆಗೆ ಮುಖ ಇಳಿದು ಕಾಲು ಊದಿರುತ್ತಿತ್ತು. ಸಾಕ್ಸ್ ತೆಗೆದರೆ ಸುತ್ತ ಆಳವಾದ ಗೆರೆ.

ಒಂದು ಬೆಳಿಗ್ಗೆ ನಮ್ಮ ಬಿಲ್ಡಿಂಗ್ ಸೊಸೈಟಿಯ ನೀರು ಬಂದಿರಲಿಲ್ಲ. ಫ್ಲಶ್ ಮಾಡಲಾಗದೆ ಅವಳು ನನ್ನನ್ನು ಕರೆದಳು. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿ ಬಿಟ್ಟರೆ ಹಿಂದಿ.

"ಅಜ್ಜ, ದೇಖೋ ನಾ, ಸಾಬೂನ್ ಜೈಸಾ."

ಬಗ್ಗಿ ನೋಡಿದೆ. ಸೋಪು ಕಲಸಿದ ಹಾಗೆ ಮೇಲೆಲ್ಲ ನೊರೆ. ನೊರೆಯ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ. ಎತ್ತರದಿಂದ ಹೊಯ್ದ ಕಾಫಿಯ ನೊರೆಯೂ ಗಿರಾಕಿ ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಇಳಿಯುತ್ತದೆ. ಇದು ಎಷ್ಟು ಹೊತ್ತು ನಿಲ್ಲುತ್ತದೆ ನೋಡೋಣವೆಂದು ಹೋಗಿ, ಕಾಫಿ ಮಾಡಿ ಕುಡಿದು ಬಂದೆ. ಹಾಗೇ ಇತ್ತು. ಆಮೇಲೆ ಅವಳನ್ನು ಕೂರಿಸಿ, ನಾದಿದ ಹಿಟ್ಟಿನ ಹದ ನೋಡುವಂತೆ ಕಾಲಿನ ಮೇಲೆ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದರೂ ಗುಳಿ ಮೇಲೇಳಲಿಲ್ಲ.

ಹೆಂಡತಿಗೆ ತೋರಿಸಿದೆ. "ಇದು ಉಂಡು ಬಂದ ಮೈ ಅಲ್ಲ ಮಾರಾಯ್ತಿ. ಒಳಗೆ ನೀರು ನಿಂತಿದೆ."

"ಹಾಗಾದ್ರೆ ನಾನು ದೃಷ್ಟಿ ತೆಗ್ದದ್ದು ಎಂತದ್ದಕ್ಕೆ?" ಎಂದು ಅವಳೂ ಬೆರಳು ಒತ್ತಿ ನೋಡಿದಳು.

ಮಗ ರಜೆ ಹಾಕಿದ. ಅವತ್ತೇ ಕಲ್ಯಾಣಕ್ಕೆ ಹೋಗಿ ಮೂತ್ರ, ರಕ್ತ ಎರಡೂ ಪರೀಕ್ಷೆಗೆ ಕೊಟ್ಟೆವು. ನಾನು ಡಾಕ್ಟರಮ್ಮನಿಗೆ ಕೇಳಿದ್ದೇ ಕೇಳಿದ್ದು. ಮಗ ಮೊಣಕೈಯಿಂದ ತಿವಿದರೂ ನಿಲ್ಲಿಸಲಿಲ್ಲ. ನೊರೆ ಯಾಕೆ? ಊತ ಜಾಗ ಬದಲಿಸುವುದು ಯಾಕೆ? ಅವರು ಬೇಸರಿಸದೆ ಹೇಳಿದರು. ಕಿಡ್ನಿ ಒಂದು ಜರಡಿ. ಅದು ಸಡಿಲವಾದರೆ ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ, ನೊರೆ ಅದರದ್ದೇ. ನೀರು ಮೈಯಲ್ಲೇ ನಿಲ್ಲುತ್ತದೆ. ಮಲಗಿದರೆ ಕಣ್ಣಿನ ಸುತ್ತ ಸೇರುತ್ತದೆ, ಓಡಾಡಿದರೆ ಕಾಲಿಗೆ ಇಳಿಯುತ್ತದೆ. ಕಾಫಿ ಫಿಲ್ಟರಿನ ತೂತು ದೊಡ್ಡದಾಗಿ ಡಿಕಾಕ್ಷನ್ನಿಗೆ ಪುಡಿ ಬಿದ್ದ ಹಾಗಾ ಎಂದು ಕೇಳಿದೆ. ಅವರು ನಕ್ಕು ಹೌದೆಂದರು. ಆಮೇಲೆ ನಗಲಿಲ್ಲ. ಮಕ್ಕಳಲ್ಲಿ ಇದು ಹೆಚ್ಚಾಗಿ ಮದ್ದಿಗೆ ಬಗ್ಗುತ್ತದೆ, ಬಗ್ಗದಿದ್ದರೆ ಕಿಡ್ನಿಗೇ ಪೆಟ್ಟು ಎಂದರು.

ಅಂದಿನಿಂದ ಮದ್ದು ಶುರುವಾಯಿತು, ಬೆಳಿಗ್ಗೆ ಅವಳ ಮೂತ್ರದಲ್ಲಿ ಪಟ್ಟಿ ಅದ್ದಿ ನೋಡುವ ಕೆಲಸ ನನ್ನದಾಯಿತು. ಹಸಿರು, ಹಸಿರು, ಮತ್ತೆ ಹಸಿರು. ಅವಳಿಗೆ ಉಪ್ಪು ಕಡಿಮೆ ಮಾಡಬೇಕಿತ್ತು. ಮಗು ಒಂದೇ ಸಪ್ಪೆ ಉಣ್ಣುವುದು ಬೇಡವೆಂದು ಮನೆಯವರೆಲ್ಲ ಸಪ್ಪೆಯೇ ಉಂಡೆವು. ಒಂದು ದಿನ ಹಸಿರು ತಿಳಿಯಾಯಿತು. ನನ್ನ ಕಣ್ಣು ನಂಬದೆ ಸೊಸೆಯನ್ನು ಕರೆದೆ. "ಹೌದು ಮಾವ, ಕಮ್ಮಿ ಆಗಿದೆ" ಎಂದಳು. ಆಮೇಲೆ ಹಳದಿ.

ಪಟ್ಟಿ ಇನ್ನೂ ದಿನಾ ಅದ್ದಬೇಕು, ಮದ್ದೂ ಇದೆ. ಆದರೂ ಇವತ್ತು ಮಗ ಬೇಗ ಬಂದ. ಹೆಂಡತಿ ಸಾರಿಗೆ ಹದವಾಗಿ ಉಪ್ಪು ಹಾಕಿದಳು. ಐವರೂ ನೆಲದ ಮೇಲೆ ಸುತ್ತ ಕುಳಿತೆವು. ಮೊಮ್ಮಗಳು ಮೊದಲ ತುತ್ತು ತಿನ್ನುವುದನ್ನು ಎಲ್ಲರೂ ಕೈ ತಡೆದು ನೋಡಿದೆವು. ಅವಳು ಮುಖ ಹಿಂಡಿದಳು.

"ಅಜ್ಜಿ, ನಮಕ್ ಜ್ಯಾದಾ ಹೋ ಗಯಾ."

ಸಪ್ಪೆಗೆ ಒಗ್ಗಿದ ನಾಲಿಗೆಗೆ ಹದದ ಉಪ್ಪೂ ಹೆಚ್ಚಾಗಿತ್ತು. ಹೆಂಡತಿ ನಗುತ್ತ ಅವಳ ಅನ್ನಕ್ಕೆ ಇನ್ನಷ್ಟು ಅನ್ನ ಕಲಸಿದಳು. ಆಮೇಲೆ ನಾವೆಲ್ಲ ಉಣ್ಣತೊಡಗಿದೆವು.