ಅವನ ಬಿಲ್ಲೆಯ ಮೇಲೆ ತಂದ ಪಾನಾ

ಹಾರಾಟ ನಿಲ್ಲಿಸಿದ ವಿಮಾನವನ್ನು ಜನರ ನೋಟಕ್ಕೆ ಇಡುವುದೆಂದರೆ ತೊಳೆದು, ಬಣ್ಣ ಬಳಿದು, ಸುತ್ತ ಬೇಲಿ ಹಾಕಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಹಾರುವ ವಿಮಾನಕ್ಕಿಂತ ನಿಂತ ವಿಮಾನ ಬೇಗ ಕೆಡುತ್ತದೆ. ಮಸ್ಕತ್ತಿನಲ್ಲಂತೂ ಸಮುದ್ರದ ಉಪ್ಪುಗಾಳಿ ಒಳಗಿನಿಂದ ತಿನ್ನುತ್ತದೆ, ಬಿಸಿಲು ಹೊರಗಿನಿಂದ. ಎಂಜಿನ್ನಿನ ಬಾಯಿ ಮುಚ್ಚದಿದ್ದರೆ ಮೈನಾ ಹಕ್ಕಿ ಗೂಡು ಕಟ್ಟುತ್ತದೆ. ಚಕ್ರಗಳ ಮೇಲೆ ಭಾರ ಬೀಳದಂತೆ ಹೊಟ್ಟೆಯ ಕೆಳಗೆ ಉಕ್ಕಿನ ಆಸರೆ ಕೊಡಬೇಕು. ಗೋಡೆಯೊಳಗೆ ಶಾಖ ತಡೆಯಲು ಹಾಸಿರುವ ಗಾದಿಗಳನ್ನೆಲ್ಲ ಬಿಚ್ಚಿ ತೆಗೆಯಬೇಕು, ಇಲ್ಲದಿದ್ದರೆ ಅವು ತೇವ ಹಿಡಿದುಕೊಂಡು ಲೋಹವನ್ನು ಕೊಳೆಸುತ್ತವೆ. ನನ್ನ ಕಥೆ ಇರುವುದು ಆ ಗಾದಿಗಳ ಹಿಂದೆ.

ಎಸ್ಸೆಸ್ಸೆಲ್ಸಿ ಮುಗಿಸಿ, ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡು, ವಿಮಾನದ ಮೆಕ್ಯಾನಿಕ್ಕಾಗಿ ನಾನು ಒಮಾನಿಗೆ ಬಂದವನು. ಈಗ ನಿವೃತ್ತನಾಗಿ ಮಸ್ಕತ್ತಿನ ಬೌಷರ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಹೋದ ಚಳಿಗಾಲದಲ್ಲಿ ವಿಮಾನ ನಿಲ್ದಾಣದ ಮೂಲೆಯಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಹಳೆಯ ವಿಮಾನವೊಂದನ್ನು ಪ್ರದರ್ಶನಕ್ಕೆ ಸಿದ್ಧಪಡಿಸುವ ಕೆಲಸ ಶುರುವಾಯಿತು. ಅದರ ಹೊಣೆ ಹೊತ್ತಿದ್ದವರು ಒಬ್ಬ ಒಮಾನಿ ಎಂಜಿನಿಯರ್, ನನಗೆ ಮಗಳಾಗುವ ವಯಸ್ಸಿನ ಹೆಣ್ಣುಮಗಳು. ಹಳೆಯ ಕೆಲಸದ ಪುಸ್ತಕಗಳಲ್ಲಿ ನನ್ನ ಸಹಿ ನೋಡಿ, ಹುಡುಕಿಸಿ ಫೋನ್ ಮಾಡಿದರು. "ಅಂಕಲ್, ಈ ವಿಮಾನದ ಮೈಯೆಲ್ಲ ನಿಮಗೆ ಗೊತ್ತು. ಬಂದು ಕೂತುಕೊಂಡು ಹೇಳಿ ಸಾಕು, ಮಾಡುವವರು ಇದ್ದಾರೆ."

ಬಿಸಿಲೇರುವ ಮೊದಲು ಮಗ ಕಾರಿನಲ್ಲಿ ಬಿಟ್ಟು ಹೋಗುತ್ತಿದ್ದ. ಬೇಲಿಯ ಹೊರಗೆ ಬಂದು ನಿಂತ ಶಾಲೆಯ ಮಕ್ಕಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ವಿಮಾನವಾ? ಅಲ್ಲ ಎಂದರೆ ಅವರ ಮುಖ ಇಳಿಯುತ್ತಿತ್ತು. ಎಂಜಿನಿಯರಮ್ಮ ನಗುತ್ತಿದ್ದರು. "ಅಂಥದ್ದನ್ನು ಗಾಜಿನ ಶೆಡ್ಡು ಕಟ್ಟಿ ಇಟ್ಟುಕೊಂಡ ಊರುಗಳಿವೆ. ಅದು ದೊಡ್ಡವರನ್ನು ಹೊತ್ತಿತು. ಇದು ನಮ್ಮಪ್ಪನನ್ನೂ ನಿಮ್ಮನ್ನೂ ಹೊತ್ತಿತು."

ಕೆಲಸದ ಮೂರನೆಯ ವಾರ ವಿಮಾನದ ಹಿಂಬದಿಯ ಗ್ಯಾಲಿ ಬಿಚ್ಚಿದರು. ಗಗನಸಖಿಯರು ಊಟ, ಚಹಾ ಬಿಸಿ ಮಾಡುವ ಜಾಗ ಅದು. ಚೆಲ್ಲಿದ ಚಹಾ ಸೋರಿ ಅಲ್ಲಿಯ ನೆಲದ ಅಡಿಯೇ ಮೊದಲು ತುಕ್ಕು ಹಿಡಿಯುವುದು. ಮಲಯಾಳಿ ಫೋರ್‌ಮನ್ ಆ ನೆಲದಡಿ ಅಕ್ಕಪಕ್ಕ ಇದ್ದ ಎರಡು ಗಾದಿಗಳಲ್ಲಿ ಬಲಗಡೆಯದನ್ನು ಕಿತ್ತು, ತೊಲೆಯ ಸಂದಿಗೆ ಕೈ ಹಾಕಿ, ಏನನ್ನೋ ಎಳೆದು ಮೇಲಕ್ಕೆತ್ತಿದ. ನಟ್ಟು ಬಿಗಿಯುವ ಗೇಣುದ್ದದ ರ‍್ಯಾಚೆಟ್ ಪಾನಾ.

"ಚಾಚಾ, ಇದನ್ನು ನೋಡಿ," ಎಂದ ಹಿಂದಿಯಲ್ಲಿ. "ಪೈಲಟ್‌ಗಿಂತ ಜಾಸ್ತಿ ಹಾರಿದೆ. ಟಿಕೆಟ್ಟೂ ಇಲ್ಲ, ವೀಸಾನೂ ಇಲ್ಲ."

ಎಲ್ಲರೂ ನಕ್ಕರು. ಹಿಡಿಯ ಮೇಲೆ ಕೆತ್ತಿದ ಸ್ಟೋರಿನ ನಂಬರು ಇನ್ನೂ ಓದುವಂತಿತ್ತು. ನಾನು ಓದಬೇಕಾಗಿರಲಿಲ್ಲ. ಅದು ನನಗೆ ಬಾಯಿಪಾಠ.

"ಯಾರದ್ದಿರಬಹುದು ಅಂಕಲ್?" ಎಂದು ಎಂಜಿನಿಯರಮ್ಮ ಕೇಳಿದರು. "ಗಾಜಿನ ಪೆಟ್ಟಿಗೆಯಲ್ಲಿ ಇಡೋಣ. ಕೆಳಗೆ ಚೀಟಿಯಲ್ಲಿ ಎರಡು ಸಾಲು ಬರೆಯಬೇಕು."

"ಗೊತ್ತಿಲ್ಲಮ್ಮ," ಎಂದೆ. ಈ ವಿಷಯದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಅದು.

ಮೊದಲನೆಯ ಸುಳ್ಳಿಗೆ ಮೂವತ್ತು ವರ್ಷ ದಾಟಿದೆ. ಆಗ ವಿಮಾನ ರಿಪೇರಿ ಮಾಡುವ ನಮ್ಮ ಹ್ಯಾಂಗರಿನಲ್ಲಿ ಪ್ರತಿಯೊಬ್ಬನಿಗೂ ಅವನವನ ನಂಬರು ಹೊಡೆದ ಐದು ಹಿತ್ತಾಳೆ ಬಿಲ್ಲೆಗಳಿದ್ದವು. ಸ್ಟೋರಿನಿಂದ ಒಂದು ಸಾಮಾನು ತಂದರೆ ಅದರ ಮೊಳೆಗೆ ಒಂದು ಬಿಲ್ಲೆ ನೇತುಹಾಕಬೇಕು. ಪಾಳಿ ಮುಗಿಯುವಾಗ ಮೊಳೆಯ ಮೇಲೆ ಒಂದು ಬಿಲ್ಲೆ ಉಳಿದರೂ ವಿಮಾನ ಹೊರಡುವಂತಿಲ್ಲ, ಯಾಕೆಂದರೆ ಮರೆತ ಪಾನಾ ಗಾಳಿಯಲ್ಲಿ ಯಾವ ತಂತಿಗೆ ಸಿಕ್ಕಿಕೊಳ್ಳುತ್ತದೋ ಹೇಳಲಾಗದು. ಒಬ್ಬರ ಬಿಲ್ಲೆ ಇನ್ನೊಬ್ಬರು ಬಳಸಿದರೆ ಇಬ್ಬರಿಗೂ ಕೆಲಸ ಇಲ್ಲ ಎಂಬುದು ನಿಯಮ.

ಅಂದು ನನ್ನ ಐದೂ ಬಿಲ್ಲೆ ಮೊಳೆಯ ಮೇಲಿದ್ದವು. ಸಾಮಾನು ವಾಪಸು ಕೊಟ್ಟು ಬರಲು ನನಗೆ ಸೋಮಾರಿತನ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ, ಗದಗಿನವನು, ತನ್ನ ಬಿಲ್ಲೆ ತೆಗೆದು ನನ್ನ ಅಂಗೈಗಿಟ್ಟ. "ತಗೋಪಾ. ನಿನ್ನ ಕಾಲು ಸವದೀತು." ಅದರ ಮೇಲೆ ನಾನು ಆ ಪಾನಾ ತಂದೆ. ಸಂಜೆ ಅದು ಇರಲಿಲ್ಲ.

ಅವನು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ. ನನಗೆ ಎಲ್ಲಿಟ್ಟೆ ಎಂಬುದೇ ನೆನಪಿರಲಿಲ್ಲ. ಹೆದರಿಕೆಯಿಂದ ಬಾಯಿಗೆ ಬಂದದ್ದು ಹೇಳಿದೆ: "ಆಗಲೇ ನಿನ್ನ ಟೂಲ್ ಪೆಟ್ಟಿಗೆಗೆ ಹಾಕಿದ್ನಲ್ಲ ಕಣೋ." ಅವನು ನಂಬಿದ. ಎರಡು ದಿನ ವಿಮಾನ ನಿಲ್ಲಿಸಿ, ಅವನು ಕೆಲಸ ಮಾಡಿದ ಕಡೆಯೆಲ್ಲ ಹುಡುಕಿದರು. ಎಲ್ಲರಿಗಿಂತ ಹೆಚ್ಚು ತೆವಳಿದವನು ಅವನೇ. ಸಿಗಲಿಲ್ಲ. ವಿಮಾನದಲ್ಲಿ ಇಲ್ಲವೆಂದ ಮೇಲೆ ಹೊರಗೆ ಹೋಗಿದೆ, ಅಂದರೆ ಕದ್ದು ಮಾರಿದ್ದಾನೆ ಎಂದು ತೀರ್ಮಾನಿಸಿದರು. ಬಿಲ್ಲೆ ಅವನದ್ದು. ನನ್ನ ಹೆಸರು ಹೇಳಿದರೆ ನನ್ನ ಕೆಲಸವೂ ಹೋಗುತ್ತದೆಂದು ಅವನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ವೀಸಾ ಖಲಾಸ್ ಮಾಡಿ ಊರಿಗೆ ಕಳುಹಿಸಿದರು. ನಾನೇ ಅವನ ಸೂಟ್‌ಕೇಸು ಹಗ್ಗ ಹಾಕಿ ಬಿಗಿದುಕೊಟ್ಟೆ.

ಆಮೇಲೆ ಆ ವಿಮಾನ ಮೇಲೇರುವಾಗಲೆಲ್ಲ ನಾನು ಕೆಲಸ ನಿಲ್ಲಿಸಿ ನೋಡುತ್ತಿದ್ದೆ. ಒಳಗೆ ಅಷ್ಟು ಜನ ಕೂತಿರುತ್ತಿದ್ದರು. ಬಾಯಿ ಬಿಡಬಹುದಿತ್ತು. ಮದುವೆ ಗೊತ್ತಾಗಿತ್ತು, ಆಮೇಲೆ ಮಗ ಹುಟ್ಟಿದ, ಆಮೇಲೆ ಇಷ್ಟು ತಡವಾಗಿ ಹೇಳಿದರೆ ಏನು ಅಂದುಕೊಂಡಾರು ಎನ್ನಿಸಿತು. ನನ್ನ ಬಳಿ ಕಾರಣಕ್ಕೆ ಯಾವತ್ತೂ ಬರ ಇರಲಿಲ್ಲ.

ಅವನ ನಂಬರು ನನ್ನಲ್ಲಿತ್ತು. ಹಳಬರ ವಾಟ್ಸಾಪ್ ಗುಂಪಿನಲ್ಲಿ ಅವನು ದಿನವೂ ಹೂವಿನ ಚಿತ್ರ ಕಳುಹಿಸುತ್ತಿದ್ದ, ನಾನು ಕೈ ಮುಗಿಯುವ ಚಿತ್ರ ಒತ್ತುತ್ತಿದ್ದೆ. ಪಾನಾ ಸಿಕ್ಕ ದಿನ ಮಧ್ಯಾಹ್ನ ಸೊಸೆ ಕೊಟ್ಟ ಕಾಫಿ ಆರಿಹೋಗುವವರೆಗೆ ಕೂತಿದ್ದು, ಅವನಿಗೆ ಫೋನ್ ಮಾಡಿದೆ.

"ಏನಪಾ, ಕೈ ಮುಗದು ಮುಗದು ಸಾಕಾತೇನು?" ಎಂದ.

"ಆ ಪಾನಾ ಸಿಕ್ಕಿತು ಕಣೋ."

ಅವನ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಅದು ನಿಂತ ಮೇಲೆ ಕೇಳಿದ: "ಎಲ್ಲಿ?"

"ಹಿಂದಿನ ಗ್ಯಾಲಿ ಕೆಳಗೆ. ಬಲಗಡೆ ಗಾದಿ ಹಿಂದೆ, ತೊಲೆ ಸಂದಿಯಲ್ಲಿ."

"ಎಡಗಡಿ ಗಾದಿ ಬಿಚ್ಚಿದ್ದೆ ನಾ. ಬಲಗಡಿ ನಾವು ಕೆಲಸಾನ ಮಾಡಿದ್ದಿಲ್ಲಲ್ಲ?"

"ನಾನು ಮಾಡಿದ್ದೆ. ನಿನ್ನ ಪೆಟ್ಟಿಗೆಗೆ ಹಾಕಿದ್ದೆ ಅಂದದ್ದು ಸುಳ್ಳು. ಎಲ್ಲಿಟ್ಟೆ ಅಂತಲೇ ಗೊತ್ತಿರಲಿಲ್ಲ. ಹೆದರಿ ಹಾಗಂದೆ."

"ಆ ಪೆಟ್ಟಿಗಿ ಎಷ್ಟ ಸಲ ಬೋರಲ ಹಾಕೀನಿ ಗೊತ್ತೈತೇನು? ಊರಿಗೆ ಬಂದ ಮ್ಯಾಲೂ ಹಾಕೀನಿ. ಖಾಲಿ ಪೆಟ್ಟಿಗಿ."

"ಕ್ಷಮಿಸು ಅನ್ನೋಕೆ ನನಗೆ ಮುಖ ಇಲ್ಲ."

"ಅನಬ್ಯಾಡ. ನನಗ ಹೇಳಿ ಏನ ಮಾಡ್ತಿ? ಅಕೀಗೆ ಹೇಳು." ಹೆಂಡತಿಯನ್ನು ಕೂಗಿ ಫೋನು ಕೊಟ್ಟ. "ತಗೋ, ಮಸ್ಕತ್ತಿಂದು. ಪಾನಾ ಸಿಕ್ಕೈತಂತ."

ಆ ಅಮ್ಮನನ್ನು ನಾನು ನೋಡಿದವನಲ್ಲ. ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಆಕೆ ಹೇಳಿದರು: "ಆ ನೌಕರಿ ಕೊಡಿಸಿದ್ದು ನಮ್ಮಣ್ಣ. ಕಳ್ಳಗ ತಂಗೀನ್ನ ಕೊಟ್ಟೆ ಅಂತ ಅವತ್ತಿನಿಂದ ಈ ಮನಿ ಹೊಸಲಾ ತುಳದಿಲ್ಲ. ನಾನೂ ಒಮ್ಮೊಮ್ಮೆ ಇವರನ್ನ ಕೇಳೀನಿ, ಖರೇ ಹೇಳ್ರಿ, ಮಾರಿದ್ರೇನು ಅಂತ."

"ತಪ್ಪು ನನ್ನದಮ್ಮ."

"ಕೇಳಿದಾಕಿ ನಾ ಒಬ್ಬಾಕಿ. ಫೋನಿನ್ಯಾಗ ಹೇಳಿದ್ದು ಅಣ್ಣಗ ಹೆಂಗ ತೋರಿಸ್ಲಿ? ಬರದು ಕೊಡ್ರಿ. ಕನ್ನಡದಾಗ."

"ನನಗೆ ಬರೆಯೋ ಅಭ್ಯಾಸ ಇಲ್ಲಮ್ಮ."

"ಸುಳ್ಳು ಹೇಳಾಕ ಬಾಯಿ ಬಂದಿತ್ತು. ಖರೇ ಬರಿಯಾಕ ಕೈ ಬರೂದಿಲ್ಲೇನು?"

ಮರುದಿನ ಬೆಳಿಗ್ಗೆ ಎಂಜಿನಿಯರಮ್ಮನಿಗೂ ಹೇಳಿದೆ. ಫೋರ್‌ಮನ್ ಅಲ್ಲೇ ಇದ್ದ. ಆಮೇಲೆ ಎರಡು ದಿನ ಅವನು ನನ್ನನ್ನು ಚಾಚಾ ಎನ್ನಲಿಲ್ಲ. ಎಂಜಿನಿಯರಮ್ಮ ಪೆನ್ನು ತೆಗೆದು, "ಚೀಟಿಯಲ್ಲಿ ಏನು ಬರೆಯಲಿ?" ಎಂದು ಮಾತ್ರ ಕೇಳಿದರು. ಪಾನಾದ ನಂಬರು, ಸಿಕ್ಕ ಜಾಗ, ಯಾರ ಬಿಲ್ಲೆ ಇತ್ತೋ ಅವರು ಅದನ್ನು ಕಳೆದವರಲ್ಲ ಎಂಬ ಒಂದು ಸಾಲು ಹೇಳಿದೆ. ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಹಾಗೆಯೇ ಬರೆಸಿದ್ದಾರೆ.

ಈಗ ನೀವು ಓದಿದ್ದು ಆ ಅಮ್ಮನಿಗೆ ಬರೆದುಕೊಟ್ಟದ್ದನ್ನೇ ಸ್ವಲ್ಪ ಬೆಳೆಸಿದ್ದು. ಇಲ್ಲಿ ಹೆಸರುಗಳಿಲ್ಲ. ಅವರಿಗೆ ಕಳುಹಿಸಿದ ಹಾಳೆಯಲ್ಲಿ ಅವನ ಹೆಸರು, ನನ್ನ ಹೆಸರು, ಕೆಳಗೆ ನನ್ನ ಸಹಿ ಇವೆ.

ಮೂರು ವಾರದ ಮೇಲೆ ಅವನೇ ಫೋನ್ ಮಾಡಿದ. "ನಮ್ಮ ಭಾವ, ಇಕಿ ಅಣ್ಣ, ಬಂದಿದ್ದಾ. ಚಷ್ಮಾ ಮರ್ತು ಬಂದಿದ್ದಾ. ಇಕೀನ ಓದಿ ಹೇಳಿದಳು. ಎರಡ ಸಲ." ಭಾವ ಏನೆಂದರು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. "ಒಂದ ಕೆಲಸ ಮಾಡು," ಎಂದ. "ಅದು ಹೆಂಗ ಬಿದ್ದಿತ್ತೋ ಹಂಗ ಇಟ್ಟು ಒಂದು ಫೋಟೋ ತಗದು ಕಳಸು."

ಎಂಜಿನಿಯರಮ್ಮ ಗಾಜಿನ ಪೆಟ್ಟಿಗೆಯ ಬೀಗ ತೆಗೆಸಿದರು. ಫೋರ್‌ಮನ್ ಬಗ್ಗಿ ಪಾನಾವನ್ನು ಅದೇ ಸಂದಿಗೆ ಇಟ್ಟು ಟಾರ್ಚು ಹಿಡಿದ. ನನ್ನ ಮಂಡಿ ಬಗ್ಗಲು ಹೊತ್ತು ಹಿಡಿಯಿತು. ಎಡಗಡೆಯ ಗಾದಿ ಇದ್ದ ಜಾಗವೂ ಬರುವಂತೆ ಫೋಟೋ ತೆಗೆದು ಕಳುಹಿಸಿದೆ.

ಸಂಜೆ ಉತ್ತರ ಬಂತು. "ಇಲ್ಲೇ ಇತ್ತಲ್ಲೋ. ನನ್ನ ಕೈಯಿಂದ ಒಂದ ಮೊಳ ಆಚಿ."