ಫ್ಯಾಮಿಲಿಗಳಿಗೆ ಮಾತ್ರ

ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಗ್ಯಾರೇಜೊಂದರಲ್ಲಿ ಹಳೆಯ ಟಯರಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನನ್ನು ಊರಿಂದ ಭಾಷಣಕ್ಕೆ ಕರೆಸಿದ ಶೆಟ್ಟರ ಕಾರಿನ ಬಾಗಿಲು ನೆಗ್ಗಿದೆ. ಬಂಟ್ವಾಳದ ಇಸ್ಮಾಯಿಲ್ ಅದನ್ನು ಬಡಿದು ಸರಿಮಾಡುತ್ತಿದ್ದಾರೆ.

ನಿನ್ನೆ ಸಂಜೆ ಖುರುಮ್ ಬಡಾವಣೆಯ ಹೋಟೆಲೊಂದರಲ್ಲಿ, ಇಲ್ಲಿನ ಕನ್ನಡಿಗರೆದುರು ಕಳೆದ ಶತಮಾನದ ಒಬ್ಬ ಕೆನಡಾ ಕವಿಯ ಬಗ್ಗೆ ಮಾತಾಡಿದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಹಿಮದ ಕಾಡಿನಲ್ಲಿ ಮರ ಕಡಿದವನು; ಒಂದೇ ಶೆಡ್ಡಿನಲ್ಲಿ ಇಪ್ಪತ್ತು ಗಂಡಸರ ಜೊತೆ ಮಲಗಿ, ಅವರ ಬದುಕನ್ನೇ ಕವಿತೆ ಮಾಡಿದವನು. ಅವನ ಸಾಲುಗಳನ್ನು ಓದಿದೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಆಮೇಲೆ ನನಗೆ ಶಾಲು ಹೊದೆಸಿದರು.

"ನಿನ್ನೆ ನಿಮ್ಮ ಭಾಷಣಕ್ಕೆ ನಾನೂ ಬಂದಿದ್ದೆ ಸರ್," ಎಂದರು ಇಸ್ಮಾಯಿಲ್, ಸುತ್ತಿಗೆ ನಿಲ್ಲಿಸದೆ. "ಇಸ್ತ್ರಿ ಹಾಕಿದ ಅಂಗಿ ಹಾಕ್ಕೊಂಡು, ಎರಡು ಬಸ್ ಹತ್ತಿ. ಬಾಗಿಲಲ್ಲೇ ನಿಲ್ಲಿಸಿದ್ರು. ಫ್ಯಾಮಿಲಿಗಳಿಗೆ ಮಾತ್ರ ಅಂತ."

ಆಮಂತ್ರಣದಲ್ಲಿ ಆ ಸಾಲು ಇತ್ತು. ಎಷ್ಟು ಆತ್ಮೀಯವಾಗಿದೆ ಎಂದು ಶೆಟ್ಟರೆದುರು ಹೊಗಳಿಯೂ ಇದ್ದೆ. ಒಬ್ಬೊಬ್ಬರೇ ಇದ್ದು ದುಡಿಯುವ ಗಂಡಸರನ್ನು ಹೊರಗಿಡಲು ಇಲ್ಲಿ ಹಾಗೆ ಬರೆಯುತ್ತಾರಂತೆ.

"ನಿಮಗೆ ಸಂಸಾರ ಇಲ್ಲವೇ?"

"ಉಂಟಲ್ಲ, ಊರಲ್ಲಿ. ಹೆಂಡ್ತಿ, ಮೂರು ಮಕ್ಕಳು. ಇಲ್ಲಿ ಜೊತೆಗೆ ಇದ್ರೆ ಮಾತ್ರ ಅಂತೆ."

ನಾಚಿಕೆ ಮುಚ್ಚಿಕೊಳ್ಳಲು ನಿನ್ನೆಯ ಭಾಷಣವನ್ನೇ ಅವರಿಗೂ ಒಪ್ಪಿಸಿದೆ. ಕಾಡು, ಹಿಮ, ಶೆಡ್ಡು, ಕವಿತೆ, ಯಾವುದನ್ನೂ ಬಿಡಲಿಲ್ಲ. ಇಸ್ಮಾಯಿಲ್ ಈಗ ಸುತ್ತಿಗೆ ಕೆಳಗಿಟ್ಟು ಕೇಳಿದರು.

"ಕಾಡಿಗೆ ಅವರು ಹೆಂಡ್ತಿ ಮಕ್ಕಳನ್ನು ಕರ್ಕೊಂಡು ಹೋಗಿರ್ಲಿಲ್ವಾ ಸರ್?"

"ಇಲ್ಲ."

"ಹಾಗಾದ್ರೆ ನಿನ್ನೆ ಅವರನ್ನೂ ಒಳಗೆ ಬಿಡ್ತಿರ್ಲಿಲ್ಲ," ಎಂದು ಸುತ್ತಿಗೆ ಎತ್ತಿಕೊಂಡರು.